ಅಲ್ಪಪ್ರಾಣನ ಕೊನೆಯ ಪಾಠ

ಆ ದಿನದ ರಗಳೆಗೆಲ್ಲ ಮೂಲ ಒಂದು ಹಲ್ಲು. ಅದೂ ನಮ್ಮ ಕಥಾನಾಯಕನದಲ್ಲ, ಚಿತ್ರಕಲೆಯ ಮೇಷ್ಟ್ರದು. ಹಿಂದಿನ ರಾತ್ರಿ ಅವರ ದವಡೆ ಹಲ್ಲು ಏನನ್ನೋ ಕಡಿಯಲು ಹೋಗಿ ತಾನೇ ಅರ್ಧ ಮುರಿದುಕೊಂಡಿತಂತೆ. ಬೆಳಿಗ್ಗೆ ಅವರು ಕೆನ್ನೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕುಳಿತರು. ಇತ್ತ ಶಾಲೆಯಲ್ಲಿ ಅವರ ತರಗತಿ ಹೇಳುವವರು ಕೇಳುವವರು ಇಲ್ಲದೆ ಕೂಗಾಡತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುತ್ತಾರಲ್ಲ, ಹಾಗೆ ಆ ಹಲ್ಲುನೋವನ್ನು ಅನುಭವಿಸುವ ಯೋಗ ಬಂದದ್ದು ಅಲ್ಪಪ್ರಾಣನಿಗೆ.

ಅಲ್ಪಪ್ರಾಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಶಿಕ್ಷಕರ ತರಬೇತಿ ಕಾಲೇಜಿನ ಗೆಳೆಯರು ಇಟ್ಟದ್ದು. ಅದಕ್ಕೆ ಅವನ ಮೈಕಟ್ಟೂ ಒಂದು ಕಾರಣ. ಫ್ಯಾನು ಜೋರಾಗಿ ತಿರುಗಿದರೆ ಅವನು ಕಂಬ ಹಿಡಿದುಕೊಳ್ಳುತ್ತಾನೆ ಎಂದು ಅವರು ಆಡಿಕೊಳ್ಳುತ್ತಿದ್ದರು. ದೊಡ್ಡ ಕಾರಣ ಮಾತ್ರ ಅವನ ನಾಲಿಗೆ. ಅದರ ಮೇಲೆ ಒಂದು ಮಹಾಪ್ರಾಣಾಕ್ಷರವೂ ನಿಲ್ಲುತ್ತಿರಲಿಲ್ಲ. ಭಾಷೆ ಅವನ ಬಾಯಲ್ಲಿ ಬಾಷೆ, ಖುಷಿ ಕುಷಿ, ಫಲ ಪಲ. ಅವನು ‘ದೈರ್ಯ’ ಎಂದಾಗ ಕೇಳಿದವರಿಗೇ ಅಯ್ಯೋ ಪಾಪ ಅನ್ನಿಸುತ್ತಿತ್ತು. ಇಂಥವನು ಆರಿಸಿಕೊಂಡದ್ದು ಭಾಷಾ ಶಿಕ್ಷಕನ ಕೆಲಸ.

ಅವತ್ತು ಅವನ ಅಭ್ಯಾಸ ಪಾಠಗಳ ಕೊನೆಯ ದಿನ. ಊಟದ ನಂತರ ತರಬೇತಿ ಕಾಲೇಜಿನ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಅವನ ಕೊನೆಯ ಪಾಠ ನೋಡಬೇಕು, ಸೈ ಎನ್ನಬೇಕು. ಅಷ್ಟಾದರೆ ಸೋಮವಾರದಿಂದ ಪಕ್ಕದ ಊರಿನ ಸಣ್ಣ ಶಾಲೆಯೊಂದರಲ್ಲಿ ಕೆಲಸ. ಮೇಡಂ ತಾವೇ ಮಾತಾಡಿ ಗೊತ್ತು ಮಾಡಿಟ್ಟಿದ್ದರು. ಕೆಲಸದ ಜೊತೆಗೆ ಇರಲು ಒಂದು ಕೋಣೆಯನ್ನೂ ಕೊಡುತ್ತಿದ್ದರು. ಅಕ್ಕನ ಮನೆಯಲ್ಲಿ, ದರ್ಜಿ ಭಾವನ ಹೊಲಿಗೆ ಮಿಷನ್ನಿಗೂ ಬಟ್ಟೆಯ ಗಂಟುಗಳಿಗೂ ನಡುವೆ, ವರ್ಷವಿಡೀ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದವನಿಗೆ ಆ ಕೋಣೆಯದೇ ಧ್ಯಾನ. ಅಲ್ಲಿ ಮೊದಲ ರಾತ್ರಿ ಎರಡೂ ಕಾಲು ಪೂರ್ತಿ ಚಾಚಿ ಮಲಗಬೇಕು ಎಂದು ಅವನು ತೀರ್ಮಾನಿಸಿದ್ದ.

ಕೊನೆಯ ಪಾಠಕ್ಕೆ ಮೇಡಂ ಕೊಟ್ಟಿದ್ದ ವಿಷಯ, ಮಹಾಪ್ರಾಣಗಳು. ಅವರು ಬೇಕೆಂದೇ ಕೊಟ್ಟರೋ ಮರೆತು ಕೊಟ್ಟರೋ ಅವರಿಗೇ ಗೊತ್ತು.

ಬೆಳಿಗ್ಗೆ ಬಸ್ ಸ್ಟಾಪಿನಲ್ಲೇ ಅವನನ್ನು ಒಬ್ಬರು ಅಡ್ಡ ಹಾಕಿದ್ದರು. ಅವರ ಅಡ್ಡಹೆಸರು ಮಹಾಪ್ರಾಣ. ಇಬ್ಬರು ಮಕ್ಕಳನ್ನು ಶಾಲೆಗೆ ಹಚ್ಚಿದ ಮೇಲೆ ತಾವೂ ತರಬೇತಿಗೆ ಸೇರಿದ್ದ ಹೆಂಗಸು. ಅವರು ಗುಟ್ಟು ಹೇಳಿದರೂ ಮೂರನೇ ಬೆಂಚಿಗೆ ಕೇಳಿಸುತ್ತಿತ್ತು. ರಸ್ತೆಯಾಚೆಯ ಶಾಲೆಯಲ್ಲಿ ಅವರ ಅಭ್ಯಾಸ ಪಾಠಗಳು ಹಿಂದಿನ ವಾರವಷ್ಟೇ ಮುಗಿದಿದ್ದವು. ಭಾವೀ ಶಿಕ್ಷಕರ ಸಂಘಕ್ಕೆ ಅವರೇ ಕಾರ್ಯದರ್ಶಿ. ತರಬೇತಿಯವರನ್ನೆಲ್ಲ ಅವರು ಸಂಘಕ್ಕೆ ಸೇರಿಸಿಯಾಗಿತ್ತು, ಇವನೊಬ್ಬನನ್ನು ಬಿಟ್ಟು.

“ತಮ್ಮಾ, ಇವತ್ತಾದ್ರೂ ಸೇರ್ತೀಯೇನೋ?”

“ಅಕ್ಕಾ, ನಂಗೆ ನಿಮ್ಮ ಸಂಗ ಬೇಡ ಅಂತ ಎಷ್ಟು ಸಲ ಹೇಳೋದು?”

“ಸಂಗ ಅಲ್ಲಪ್ಪಾ, ಸಂಘ! ನಡುರಸ್ತೇಲಿ ನಿಂತು ನನ್ನ ಸಂಗ ಬೇಡ ಬೇಡ ಅಂದ್ರೆ ಕೇಳಿದೋರು ಏನಂದ್ಕೋಬೇಕು?”

ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಆಗಲೇ ಏನನ್ನೋ ಅಂದುಕೊಂಡು ತಿರುಗಿ ನೋಡುತ್ತಿದ್ದರು. ಅಲ್ಪಪ್ರಾಣ ಕಿವಿಯವರೆಗೆ ಕೆಂಪಾದ.

“ಇವತ್ತೇ ಕೊನೇ ಪಾಟ ಅಕ್ಕ. ಸಂಜೆಗೆ ಎಲ್ಲಾ ಮುಗೀತು. ಇಳಿಯೋ ಸ್ಟಾಪ್ ಬಂದ ಮೇಲೆ ಯಾರಾದ್ರೂ ಟಿಕೆಟ್ ತಗೋತಾರಾ?”

“ಚೆಕಿಂಗ್‌ನೋರು ಹತ್ತೋದು ಆ ಸ್ಟಾಪಲ್ಲೇ ಕಣೋ. ನೋಡು, ಮೇಷ್ಟ್ರುಗಳಿಗೆ ಮೇಷ್ಟ್ರುಗಳ ಸಂಘ ಇದೆ. ಮಕ್ಕಳಿಗೆ ಅವರ ಅಪ್ಪ ಅಮ್ಮ ಇದ್ದಾರೆ. ಅತ್ತ ಮೇಷ್ಟ್ರೂ ಅಲ್ಲದೆ ಇತ್ತ ಮಕ್ಕಳೂ ಅಲ್ಲದೆ ನಡುವೆ ನಿಂತಿರೋ ನಮಗೆ ಯಾರಿದ್ದಾರೆ ಹೇಳು?”

“ನಾನಾಯ್ತು, ನನ್ನ ಪಾಟ ಆಯ್ತು. ನನ್ನನ್ನ ಅಲ್ಲಿ ಎಲ್ಲರೂ ಚೆನ್ನಾಗೇ ನೋಡ್ಕೋತಾರೆ” ಎಂದು ಹೇಳಿ ಅವನು ನುಣುಚಿಕೊಂಡ.

ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು ಎಂದರೆ, ಸ್ಟಾಫ್ ರೂಮಿನಲ್ಲಿ ಅವನಿಗೊಂದು ಕುರ್ಚಿ ಇರಲಿಲ್ಲ. ಸುತ್ತಿಟ್ಟ ಭೂಪಟಗಳ ಬೀರುವಿಗೆ ಒರಗಿ ನಿಲ್ಲುವುದು ಅವನ ಸ್ಥಾನ. ಯಾರಾದರೂ ಬೀರುವಿನ ಬಾಗಿಲು ತೆಗೆದರೆ ಅಷ್ಟು ಹೊತ್ತು ಆ ಸ್ಥಾನವೂ ಇಲ್ಲ. ಟೀ ತರುವ ಜವಾನ ಲೋಟಗಳನ್ನು ಎಣಿಸಿಕೊಂಡು ಬರುತ್ತಿದ್ದ. ಆ ಎಣಿಕೆಯಲ್ಲಿ ಇವನು ಒಂದು ದಿನವೂ ಸೇರಿರಲಿಲ್ಲ.

ಅಲ್ಲಿಯವರು ತನ್ನನ್ನು ಹೇಗೆ ಕರೆಯುತ್ತಾರೆ ಎನ್ನುವುದರಿಂದಲೇ ಮುಂದೆ ಏನು ಕಾದಿದೆ ಎಂದು ಅವನು ತಿಳಿಯುತ್ತಿದ್ದ. ಕುರ್ಚಿ, ಟೀ, ರಜೆ ಇವುಗಳ ಮಾತು ಬಂದರೆ ಅವನು ‘ಹುಡುಗ’. “ಹುಡುಗಾ, ನೀನಿನ್ನೂ ಓದೋನು, ನಿಂಗ್ಯಾಕಪ್ಪಾ ಕುರ್ಚಿ?” ಉತ್ತರಪತ್ರಿಕೆ ತಿದ್ದುವುದು, ಮಳೆಯಲ್ಲಿ ಮಕ್ಕಳನ್ನು ಗೇಟು ದಾಟಿಸುವುದು, ವಾಂತಿ ಮಾಡಿಕೊಂಡ ಮಗುವನ್ನು ಮನೆಗೆ ಬಿಟ್ಟು ಬರುವುದು ಇಂಥವು ಬಂದರೆ ಅವನು ‘ಮೇಷ್ಟ್ರು’. “ಮೇಷ್ಟ್ರೇ, ಸ್ವಲ್ಪ ನೋಡ್ತೀರಾ?” ಎಂದು ಯಾರಾದರೂ ಬಹುವಚನದಲ್ಲಿ ಮಾತು ಶುರುಮಾಡಿದರೆ ಅವನು ಮೆಲ್ಲಗೆ ಬೀರುವಿನ ಮರೆಗೆ ಸರಿಯುತ್ತಿದ್ದ.

ಅವನಿಗೆ ಮಾರ್ಗದರ್ಶಕರೆಂದು ಗೊತ್ತುಮಾಡಿದ್ದ ಭಾಷಾ ಮೇಷ್ಟ್ರಂತೂ ಮೊದಲ ದಿನವೇ ತುಂಬು ಗೌರವದಿಂದ, “ನಾನು ಕ್ಲಾಸಿನ ಹಿಂದೆ ಬಂದು ಕೂತ್ರೆ ನಿಮಗೆ ಸಂಕೋಚ ಆಗುತ್ತೆ ಮೇಷ್ಟ್ರೇ. ನೀವೇ ನಡೆಸಿಬಿಡಿ” ಎಂದಿದ್ದರು. ಆಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಅವನು ಪಾಠ ಮಾಡುವಾಗ ಅವರು ಸ್ಟಾಫ್ ರೂಮಿನ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ದೇಶದ ಶಿಕ್ಷಣದ ಬಗ್ಗೆ ಯೋಚಿಸುತ್ತಿದ್ದರು, ಗೊರಕೆ ಆಗಾಗ ಕೇಳಿಸುತ್ತಿತ್ತು. ಅಲ್ಪಪ್ರಾಣ ಇದನ್ನೆಲ್ಲ ತನ್ನ ಮೇಲೆ ಅವರಿಟ್ಟ ನಂಬಿಕೆ ಎಂದುಕೊಂಡಿದ್ದ.

ಇಂಥ ಸ್ಟಾಫ್ ರೂಮಿಗೆ ಅವತ್ತು ಮೊದಲ ಬೆಲ್ಲಾದ ಕೂಡಲೇ ಹೆಡ್‌ಮೇಡಂ ಬಂದರು. ಬಾಗಿಲಲ್ಲಿ ನಿಂತು, ಬೀರುವಿನ ಕಡೆ ನೋಡಿ, ಮಧುರವಾಗಿ ನಕ್ಕರು.

“ಮೇಷ್ಟ್ರೇ...”

ಅಲ್ಪಪ್ರಾಣ ಬೀರುವಿನ ಮರೆಗೆ ಸರಿದ.

“ಡ್ರಾಯಿಂಗ್ ಮೇಷ್ಟ್ರಿಗೆ ಹಲ್ಲುನೋವಂತೆ. ಅವರ ಕ್ಲಾಸನ್ನ ನಿಮ್ಮ ಕ್ಲಾಸ್ ಜೊತೆ ಡ್ರಾಯಿಂಗ್ ರೂಮಲ್ಲಿ ಕೂರಿಸ್ಕೊಂಡುಬಿಡಿ. ಗಲಾಟೆ ಮಾತ್ರ ಆಗಬಾರ್ದು. ಇವತ್ತು ಸಮಿತಿ ಅಧ್ಯಕ್ಷರು ಶಾಲೆ ನೋಡೋಕೆ ಬರ್ತಾರೆ.”

“ಮೇಡಂ, ನಂದು ಇವತ್ತು ಮದ್ಯಾಹ್ನ ಕೊನೇ ಪಾಟ... ಸ್ವಲ್ಪ ತಯಾರಿ...”

“ಎರಡು ಕ್ಲಾಸ್ ಸುಧಾರಿಸೋದು ನಿಮಗೇನು ದೊಡ್ಡದಾ? ನೀವೂ ಮೇಷ್ಟ್ರಲ್ವಾ?” ಎಂದರು ಹೆಡ್‌ಮೇಡಂ. ಭಾಷಾ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ‘ಇಲ್ಲ’ ಎನ್ನುವ ಮಾತಿನಲ್ಲಿ ಒಂದು ಮಹಾಪ್ರಾಣವೂ ಇಲ್ಲ. ಆದರೂ ಅದು ಅವನ ನಾಲಿಗೆಯಿಂದ ಹೊರಡಲಿಲ್ಲ. “ಆಗ್ಲಿ ಮೇಡಂ” ಎಂದ.

ಡ್ರಾಯಿಂಗ್ ರೂಮಿನಲ್ಲಿ ಎರಡು ತರಗತಿಯ ಮಕ್ಕಳು ಒಂದೊಂದು ಬೆಂಚಿಗೆ ಐದಾರು ಜನರಂತೆ ಒತ್ತಿಕೊಂಡು ಕುಳಿತರು. ಜಾಗ ಸಿಗದವರು ಕಿಟಕಿ ಕಟ್ಟೆ ಹತ್ತಿದರು. ಚಿತ್ರ ಬರೆಸಲು ಇವನಿಗೆ ಬಾರದು. ಇವನು ಬರೆದ ಆನೆಯನ್ನು ಮಕ್ಕಳು ಒಮ್ಮೆ ಟೀಪಾಟು ಎಂದಿದ್ದರು. ಹಾಗಾಗಿ ಮಧ್ಯಾಹ್ನದ ಪಾಠವನ್ನೇ ಈಗೊಮ್ಮೆ ಅಭ್ಯಾಸ ಮಾಡಿಬಿಡೋಣ ಎಂದು ಅವನಿಗೆ ಹೊಳೆಯಿತು. ತನಗೆ ಹೊಳೆದದ್ದಕ್ಕೆ ತಾನೇ ಹಿಗ್ಗಿದ.

ಉಪಾಯ ಸರಳವಾಗಿತ್ತು. ಒಂದು ತುಂಡು ಕಾಗದವನ್ನು ಬಾಯಿಯ ಮುಂದೆ ಹಿಡಿದು ‘ಪ’ ಎಂದರೆ ಕಾಗದ ಅಲುಗುವುದಿಲ್ಲ, ‘ಫ’ ಎಂದು ಉಸಿರು ಒತ್ತಿ ಹೇಳಿದರೆ ಪಟ್ಟನೆ ಹಾರುತ್ತದೆ. ಅಕ್ಷರ ತನ್ನ ಬಾಯಲ್ಲಿ ಹೊರಡದಿದ್ದರೂ ಮಕ್ಕಳ ಬಾಯಲ್ಲಿ ಹೊರಟರೆ ಸಾಕಲ್ಲ! ಆದರೆ ಅವನು ಕತ್ತರಿಸಿ ತಂದಿದ್ದ ಕಾಗದದ ತುಂಡುಗಳು ಒಂದೇ ತರಗತಿಗೆ ಆಗುವಷ್ಟಿದ್ದವು. ಸಿಗದವರು ಸಿಕ್ಕಿದವರ ಕೈಯಿಂದ ಕಿತ್ತುಕೊಂಡರು, ಕಿತ್ತುಕೊಂಡದ್ದು ಹರಿಯಿತು, ಹರಿದದ್ದಕ್ಕೆ ಜಗಳವಾಯಿತು. ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಆ ಡಬ್ಬದಲ್ಲಿ ಬಣ್ಣದ ಪುಡಿ ಇದೆ. ಅಂಗೈಲಿ ಸ್ವಲ್ಪ ಸ್ವಲ್ಪ ಇಟ್ಕೊಂಡು ಅಂದ್ರೆ?”

ಮೂಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ದೊಡ್ಡ ಡಬ್ಬ ಇತ್ತು. ತುಂಬ ನೀಲಿ ಪುಡಿ. ಬೇಡ ಎನ್ನಬೇಕೆಂದು ಅಲ್ಪಪ್ರಾಣ ಬಾಯಿ ತೆರೆದ. ಅವನು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಡಬ್ಬ ಇಡೀ ರೂಮು ಸುತ್ತಿ ಬಂದಿತ್ತು.

“ಸರಿ ಸರಿ. ಎಲ್ಲರೂ ಬಾಯಿ ಹತ್ರ ಕೈ ತನ್ನಿ. ಮೊದ್ಲು ‘ಪ’.”

“ಪ!” ಎಂದರು ಮಕ್ಕಳು. ಪುಡಿ ಅಲುಗಲಿಲ್ಲ. ಅಲ್ಪಪ್ರಾಣನಿಗೆ ರೋಮಾಂಚನವಾಯಿತು. ಪಾಠ ಇಷ್ಟು ಚೆನ್ನಾಗಿ ನಡೆದದ್ದು ಅವನ ಜನ್ಮದಲ್ಲೇ ಇಲ್ಲ. ಈಗ ಎರಡನೆಯದು ಎಂದು ಅವನು ಬೆತ್ತದಂತೆ ಸ್ಕೇಲನ್ನು ಮೇಲೆತ್ತಿದ. ಮಕ್ಕಳು ಎದೆ ತುಂಬ ಉಸಿರು ಎಳೆದುಕೊಂಡರು. ಸ್ಕೇಲು ಕೆಳಗಿಳಿಯಿತು, ಅದೇ ಗಳಿಗೆಗೆ ಬಾಗಿಲು ತೆರೆಯಿತು.

“ಮತ್ತೆ ಇದು ನಮ್ಮ ಡ್ರಾಯಿಂಗ್ ರೂಮು ಸಾರ್, ಇಲ್ಲಿ ಯಾವಾಗ್ಲೂ ಶಾಂತವಾಗಿ...” ಎನ್ನುತ್ತಿದ್ದ ಹೆಡ್‌ಮೇಡಂ, ಅಧ್ಯಕ್ಷರಿಗೆ ಮೊದಲು ದಾರಿ ಬಿಡಲೆಂದು ಪಕ್ಕಕ್ಕೆ ಸರಿದರು.

“ಫ!!!”

ಶಾಲಾ ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ಲಾಂಡ್ರಿಯ ಮಾಲೀಕರು. ತಲೆಯಿಂದ ಕಾಲಿನವರೆಗೆ ಅವರು ತೊಡುತ್ತಿದ್ದ ಅಚ್ಚ ಬಿಳುಪೇ ಅವರ ಅಂಗಡಿಯ ಜಾಹೀರಾತು. ಜೀವನವಿಡೀ ಊರಿನ ಬಟ್ಟೆಗೆಲ್ಲ ನೀಲಿ ಹಾಕಿದವರಿಗೆ ಅವತ್ತು ಮಕ್ಕಳು ಸೇರಿ ನೀಲಿ ಹಾಕಿದರು. ಪುಡಿಯ ಮೋಡ ಕರಗಿದಾಗ ಬಾಗಿಲಲ್ಲಿ ಕಂಡದ್ದು ಎರಡು ಕಣ್ಣು ಮಾತ್ರ ಬೆಳ್ಳಗಿದ್ದ ಒಂದು ಆಕೃತಿ. ಅದು ಒಮ್ಮೆ ಸೀನಿತು, ಸೀನಿದ್ದಕ್ಕೆ ಇನ್ನಷ್ಟು ಪುಡಿ ಎದ್ದಿತು.

ಜವಾನ ಓಡಿ ಹೋಗಿ ಬಕೆಟ್ಟಿನಲ್ಲಿ ನೀರು ತಂದ. ತರಬಾರದಿತ್ತು. ಒಣಗಿದ್ದಾಗ ಬರೀ ತಿಳಿನೀಲಿಯಾಗಿದ್ದ ಅಧ್ಯಕ್ಷರು ನೀರು ಬಿದ್ದ ಮೇಲೆ ಶಾಯಿಯ ಬಣ್ಣಕ್ಕೆ ತಿರುಗಿದರು.

“ಯಾರಿದು? ಯಾರು ಈ ಕ್ಲಾಸಿನ ಮೇಷ್ಟ್ರು?” ಅವರು ಗುಡುಗಿದರು.

ಹೆಡ್‌ಮೇಡಂ ಅಲ್ಪಪ್ರಾಣನನ್ನು ತೋರಿಸಿದರು. ಗದ್ದಲಕ್ಕೆ ಎಚ್ಚರಾಗಿ ಬಂದಿದ್ದ ಭಾಷಾ ಮೇಷ್ಟ್ರೂ ತೋರಿಸಿದರು. ಬಕೆಟ್ಟು ಹಿಡಿದುಕೊಂಡೇ ಜವಾನ ಗದ್ದದಿಂದ ತೋರಿಸಿದ. “ಅವರೇ ಮೇಷ್ಟ್ರು!” ಇಷ್ಟು ಒಮ್ಮತದಿಂದ, ಇಷ್ಟು ಗೌರವದಿಂದ ಅವನನ್ನು ಆ ಶಾಲೆಯಲ್ಲಿ ಯಾರೂ ಮೇಷ್ಟ್ರು ಎಂದಿರಲಿಲ್ಲ.

“ಸಾರ್, ನಾನು ಬರೀ ಟ್ರೈನಿಂಗು...”

“ಕ್ಲಾಸಲ್ಲಿ ಸ್ಕೇಲ್ ಹಿಡ್ಕೊಂಡು ನಿಂತಿರೋನು ಮೇಷ್ಟ್ರಲ್ದೆ ಇನ್ಯಾರು? ಜವಾಬ್ದಾರಿ ನಿಂದೇ! ಊಟ ಆದ್ಮೇಲೆ ಕಾಲೇಜಿನ ಮೇಡಂ ಬರ್ತಾರಂತಲ್ಲ, ಬರ್ಲಿ. ನಿನ್ನ ಟ್ರೈನಿಂಗೇ ರದ್ದು ಮಾಡಿಸ್ತೀನಿ” ಎಂದು ಅಧ್ಯಕ್ಷರು ನೀಲಿ ಹೆಜ್ಜೆ ಇಡುತ್ತಾ ಕೈಕಾಲು ತೊಳೆಯಲು ಹೋದರು.

ಅಲ್ಪಪ್ರಾಣನ ಕಣ್ಣ ಮುಂದೆ ಪಕ್ಕದೂರಿನ ಕೋಣೆ ಬಂತು, ಹೋಯಿತು. ಅವನಿಗೆ ನಿಜಕ್ಕೂ ಭಯವಾಯಿತು. ಭಾಷಾ ಮೇಷ್ಟ್ರ ಬಳಿ ಹೋಗಿ, “ಸಾರ್, ನೀವೊಂದು ಮಾತು ಹೇಳಿ” ಎಂದ. “ನಾನೇನಪ್ಪಾ ಹೇಳ್ಲಿ, ನಾನು ಅಲ್ಲಿ ಇರ್ಲೇ ಇಲ್ವಲ್ಲ” ಎಂದರು ಅವರು. ಹೆಡ್‌ಮೇಡಂ ಬಳಿ ಹೋದ. “ಅಲ್ಲ ಮೇಷ್ಟ್ರೇ, ಅವಲಕ್ಷಣದ ಉಪಾಯ ಮಾಡಿ ಅಂತ ನಾನು ಹೇಳಿದ್ನಾ?” ಎಂದರು ಅವರು. ಅಷ್ಟು ದೊಡ್ಡ ಶಾಲೆಯಲ್ಲಿ ಅವನ ಪಕ್ಕ ನಿಲ್ಲಲು ಭೂಪಟದ ಬೀರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ ಆಗ ಅವನಿಗೆ ಮಹಾಪ್ರಾಣರ ನೆನಪಾಯಿತು. ಗೇಟು ದಾಟಿ ಓಡಿದ.

ಮುಗಿದ ಪಾಠಗಳ ದಾಖಲೆಗೆ ಸಹಿ ಹಾಕಿಸಲು ಬಂದಿದ್ದ ಅವರು ರಸ್ತೆಯಾಚೆಯ ಶಾಲೆಯ ಕಾಂಪೌಂಡಿನಲ್ಲಿ ಮರದ ಕೆಳಗೆ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವನ ಕೂದಲಲ್ಲಿ ಸಿಕ್ಕಿದ್ದ ನೀಲಿ ಪುಡಿ ನೋಡಿ ಡಬ್ಬಿ ಮುಚ್ಚಿದರು.

“ಅಕ್ಕಾ, ನನ್ನನ್ನ ಸಂಗಕ್ಕೆ ಸೇರಿಸ್ಕೊಳ್ಳಿ!”

“ಸಂಘ.”

“ಅದೇ ಅಕ್ಕ, ಅದಕ್ಕೇ!”

ಅವನು ತೊದಲುತ್ತಾ ಕತೆ ಹೇಳಿ ಮುಗಿಸುವಾಗ ಮಹಾಪ್ರಾಣರ ಕಣ್ಣು ಹೊಳೆಯುತ್ತಿತ್ತು. ನಡುವೆ ಎರಡು ಸಲ ಸೆರಗು ಬಾಯಿಗಿಟ್ಟುಕೊಂಡು ನಗು ತಡೆದುಕೊಂಡರು. ಆಮೇಲೆ ಗಂಭೀರವಾಗಿ ಎದ್ದು ನಿಂತು, “ಈ ಗಳಿಗೆಯಿಂದ ನೀನು ನಮ್ಮ ಸದಸ್ಯ. ಇನ್ನು ಇದು ನಿನ್ನೊಬ್ಬನ ತಲೆನೋವಲ್ಲ, ಸಂಘದ್ದು” ಎಂದರು. ಆ ಮಾತಿಗೆ ಅವನ ಕಣ್ಣಲ್ಲಿ ನೀರು ಬಂತು. ಪುಡಿಯ ದೆಸೆಯಿಂದ ಅದೂ ಸ್ವಲ್ಪ ನೀಲಿಯಾಗಿತ್ತು.

“ನೋಡು ತಮ್ಮಾ, ಇಡೀ ಕತೆ ನಿಂತಿರೋದು ಒಂದೇ ಮಾತಿನ ಮೇಲೆ. ನೀನು ಮೇಷ್ಟ್ರು ಅಂತಾದ್ರೆ ಜವಾಬ್ದಾರಿ ನಿಂದು. ವಿದ್ಯಾರ್ಥಿ ಅಂತಾದ್ರೆ ಅವರದ್ದು. ಒಳಗೆ ಯಾರು ಏನೇ ಕೇಳ್ಲಿ, ನಾನು ವಿದ್ಯಾರ್ಥಿ ಅನ್ನು. ಧೈರ್ಯವಾಗಿ ಹೇಳು.”

“ದೈರ್ಯವಾಗೇ ಹೇಳ್ತೀನಿ ಅಕ್ಕ.”

ಮಹಾಪ್ರಾಣ ನಿಟ್ಟುಸಿರು ಬಿಟ್ಟು ಅವನನ್ನು ಕರೆದುಕೊಂಡು ಹೊರಟರು.

ಹೆಡ್‌ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಅಧ್ಯಕ್ಷರು ಹೆಡ್‌ಮೇಡಂ ಕುರ್ಚಿಯಲ್ಲಿ, ಕೆಳಗೆ ಹಳೇ ಪತ್ರಿಕೆ ಹಾಸಿಕೊಂಡು ಕುಳಿತಿದ್ದರು. ಆಗಷ್ಟೇ ಬಂದಿದ್ದ ಕಾಲೇಜಿನ ಮೇಡಂ ಅಧ್ಯಕ್ಷರ ಕಡೆ ನೋಡದಿರಲು ಬಹಳ ಪ್ರಯತ್ನ ಪಡುತ್ತಿದ್ದರು. ಭಾಷಾ ಮೇಷ್ಟ್ರು ಬಾಗಿಲಿಗೆ ಹತ್ತಿರ ನಿಂತಿದ್ದರು.

“ಮೇಷ್ಟ್ರಾದೋನು...” ಎಂದು ಅಧ್ಯಕ್ಷರು ಆರಂಭಿಸಿದರು.

“ನಾನು ವಿದ್ಯಾರ್ತಿ!” ಎಂದ ಅಲ್ಪಪ್ರಾಣ.

“ವಿದ್ಯಾರ್ಥಿ. ಥ” ಎಂದರು ಕಾಲೇಜಿನ ಮೇಡಂ, ಅಭ್ಯಾಸಬಲದಿಂದ.

“ಹೌದು ಮೇಡಂ, ಅದೇ.”

ಮುಂದಿನದನ್ನು ಮಹಾಪ್ರಾಣ ಕೈಗೆತ್ತಿಕೊಂಡರು. ಅವರ ಮೊದಲ ವಾಕ್ಯಕ್ಕೇ ಮೇಜಿನ ಮೇಲಿನ ಪೆನ್ನಿನ ಸ್ಟ್ಯಾಂಡು ಅದುರಿತು. “ಹೆಡ್‌ಮೇಡಂ, ಒಂದು ಕೇಳ್ತೀನಿ. ಈ ಹುಡುಗನಿಗೆ ನೀವು ಸಂಬಳ ಕೊಡ್ತೀರಾ? ಇಲ್ಲ. ಕುರ್ಚಿ ಕೊಟ್ಟಿದ್ದೀರಾ? ಇಲ್ಲ. ಹೋಗ್ಲಿ, ಒಂದು ಲೋಟ ಟೀ? ಅದೂ ಇಲ್ಲ. ಯಾಕೆ ಅಂದ್ರೆ ಇನ್ನೂ ಓದೋ ಹುಡುಗ ಅಂತೀರಿ. ಎರಡು ಕ್ಲಾಸನ್ನ ಒಂದು ರೂಮಿಗೆ ತುಂಬಿ ಇವನ ಕೈಗೆ ಕೊಡೋವಾಗ ಮಾತ್ರ ಇವನು ಮೇಷ್ಟ್ರಾಗಿಬಿಟ್ನಾ? ಗಾಡಿ ಕಲಿಯೋನ ಕೈಗೆ ಸ್ಟೇರಿಂಗ್ ಕೊಟ್ಟು ಕಲಿಸೋನು ಇಳಿದು ಹೋದ್ರೆ, ಗುದ್ದಿದ್ದಕ್ಕೆ ಯಾರನ್ನ ಹಿಡೀತೀರಿ?”

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಅಧ್ಯಕ್ಷರು ನೀಲಿ ಹುಬ್ಬು ಗಂಟಿಕ್ಕಿ ಯೋಚಿಸಿದರು. ಎಷ್ಟಾದರೂ ಅವರು ವ್ಯಾಪಾರಸ್ಥರು. ಹೊಸದಾಗಿ ಸೇರಿದ ಹುಡುಗ ಬಟ್ಟೆ ಸುಟ್ಟರೆ ಗಿರಾಕಿ ಹಿಡಿಯುವುದು ಯಾರನ್ನು ಎಂದು ಅವರಿಗೆ ಗೊತ್ತಿತ್ತು.

“ಆ ಹೊತ್ತಲ್ಲಿ ಇವನ ಹಿಂದೆ ಇರಬೇಕಾಗಿದ್ದೋರು ಯಾರು?” ಎಂದು ಕೇಳಿದರು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಭಾಷಾ ಮೇಷ್ಟ್ರ ಕೈ ಚಿಲಕದ ಮೇಲಿತ್ತು.

“ಅಂದ್ರೆ, ಹುಡುಗನ ತಪ್ಪೇನಿಲ್ಲ” ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. “ವಿದ್ಯಾರ್ಥಿ ಅಂದ್ಮೇಲೆ ವಿದ್ಯಾರ್ಥಿ. ಮೇಷ್ಟ್ರೇ, ನೀವು ನಿಲ್ಲಿ. ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ.”

ಮಹಾಪ್ರಾಣ ಅಲ್ಪಪ್ರಾಣನ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟರು. ಅವನು ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಅವನಿಗಾದ ಸಂತೋಷ ಇಷ್ಟಿಷ್ಟಲ್ಲ. ತನ್ನ ಪರವಾಗಿ ಒಬ್ಬರು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಇಷ್ಟು ದಿನ ಯಾಕೆ ಸೇರಲಿಲ್ಲ ತಾನು, ಎಂಥ ದಡ್ಡ ಎಂದು ತನ್ನನ್ನೇ ಬೈದುಕೊಂಡ. ಇನ್ನೇನು ಉಳಿದಿತ್ತು? ಮುಖ ತೊಳೆದು ಕೊನೆಯ ಪಾಠ ಮುಗಿಸಿದರೆ ಆಯಿತು.

“ಒಂದು ನಿಮಿಷ” ಎಂದರು ಕಾಲೇಜಿನ ಮೇಡಂ. “ನಂಗೊಂದು ಸಣ್ಣ ಸಂಶಯ. ಮಾರ್ಗದರ್ಶಕರು ಕ್ಲಾಸಲ್ಲಿ ಇಲ್ದೇ ಇದ್ದದ್ದು ಇವತ್ತೊಂದು ದಿನಾನಾ?”

ಭಾಷಾ ಮೇಷ್ಟ್ರು ಅಲ್ಪಪ್ರಾಣನನ್ನು ದೈನ್ಯದಿಂದ ನೋಡಿದರು. ಅಲ್ಪಪ್ರಾಣ ಮಹಾಪ್ರಾಣರನ್ನು ನೋಡಿದ.

“ಹೇಳು ತಮ್ಮಾ, ಹೆದರ್ಬೇಡ! ಸಂಘ ಇದೆ ನಿನ್ನ ಹಿಂದೆ!”

ಅಷ್ಟು ಸಾಕಾಯಿತು. ವರ್ಷವಿಡೀ ಬೀರುವಿಗೆ ಒರಗಿ ನಿಂತಿದ್ದವನ ಬೆನ್ನು ನೆಟ್ಟಗಾಯಿತು. ಬೆಳಗಿನಿಂದ ಮಕ್ಕಳಿಂದ ಹೇಳಿಸಲು ಒದ್ದಾಡಿದ್ದ ಉಸಿರು ಈಗ ಅವನ ಎದೆಯಿಂದಲೇ ಹೊರಟಿತು.

“ಒಂದು ದಿನ ಅಲ್ಲ ಮೇಡಂ! ಮೊದಲನೇ ಪಾಠದಿಂದ ಇವತ್ತಿನ ತನಕ ಎಲ್ಲಾ ಪಾಠಾನೂ ನಾನೊಬ್ನೇ ಮಾಡಿದ್ದು! ಒಂದೇ ಒಂದು ಪಾಠಕ್ಕೂ ಯಾರೂ ಬಂದು ಕೂತಿಲ್ಲ!”

ಪ್ರತಿ ‘ಪಾಠ’ದಲ್ಲೂ ‘ಠ’ ಖಣಿಲ್ ಎಂದಿತು. ಕಾಲೇಜಿನ ಮೇಡಂ ಅಭಿಮಾನದಿಂದ ನಕ್ಕರು. ಮಹಾಪ್ರಾಣ ಮಾತ್ರ ಕಣ್ಣು ಮುಚ್ಚಿಕೊಂಡು ಹಣೆ ಹಿಡಿದುಕೊಂಡರು.

“ಉಚ್ಚಾರಣೆ ಬಹಳ ಸುಧಾರಿಸಿದೆ” ಎಂದರು ಮೇಡಂ. “ಆದ್ರೆ ಏನ್ಮಾಡ್ಲಪ್ಪಾ, ನೀನು ವಿದ್ಯಾರ್ಥಿ ಅಂತ ಈಗ ಎಲ್ಲರೂ ಒಪ್ಪಿಕೊಂಡಾಯ್ತು. ಹಾಗಾದ್ರೆ ಇಷ್ಟು ದಿನ ಆ ಕ್ಲಾಸಲ್ಲಿ ಮೇಷ್ಟ್ರು ಅನ್ನೋರು ಯಾರೂ ಇರ್ಲಿಲ್ಲ ಅಂತಾಯ್ತು. ಮೇಷ್ಟ್ರು ಕೂತು ನೋಡದೇ ಇರೋ ಪಾಠ ಅಭ್ಯಾಸ ಪಾಠ ಅಲ್ಲ. ನಿಯಮ ಹಾಗಿದೆ. ನಿನ್ನ ಲೆಕ್ಕದಲ್ಲಿ ಈಗ ಒಂದು ಪಾಠವೂ ಇಲ್ಲ. ಮುಂದಿನ ವರ್ಷ ಮೊದಲಿಂದ ಶುರು ಮಾಡ್ಬೇಕು.”

ಅಲ್ಪಪ್ರಾಣನ ಮುಖ ಕೆಂ‍ಪಾಯಿತು.

“ಇದೆಂಥ ನಿಯಮ ಮೇಡಂ? ಯಾವ ಪುಣ್ಯಾತ್ಮರು ಮಾಡಿದ್ದು? ಅಕ್ಕಾ, ಇದರ ವಿರುದ್ಧ ನಾವು ಹೋರಾಡ್ಬೇಕು!”

ಮಹಾಪ್ರಾಣ ಉತ್ತರ ಕೊಟ್ಟರು. ಅವರ ದನಿ ಪಕ್ಕದಲ್ಲಿದ್ದವನಿಗೂ ಸರಿಯಾಗಿ ಕೇಳಿಸದಷ್ಟು ಸಣ್ಣಗಿತ್ತು. “ಆ ನಿಯಮ ಬರೋಕೆ ಹೋರಾಡಿದ್ದು ನಮ್ಮ ಸಂಘವೇ ಕಣೋ. ನಮ್ಮನ್ನ ಕ್ಲಾಸಲ್ಲಿ ಒಂಟಿಯಾಗಿ ಬಿಡಬಾರ್ದು ಅಂತ ಹೋದ ವರ್ಷದ ಬ್ಯಾಚಿನೋರು ಕಾಲೇಜಿನ ಮುಂದೆ ಕೂತು ತಂದಿದ್ದು. ನಮ್ಮ ಸದಸ್ಯರಿಗೆಲ್ಲ ಮೊದಲನೇ ದಿನವೇ ಹೇಳ್ತೀವಿ, ಮೇಷ್ಟ್ರು ಬಂದು ಕೂರೋ ತನಕ ಬಾಯಿ ತೆರೀಬೇಡಿ ಅಂತ. ನಿಂದು ಇವತ್ತೊಂದು ದಿನದ್ದು ಅಂದ್ಕೊಂಡೆ. ನೀನು ಸೇರಿದ್ದಿದ್ರೆ...”

ಕಾಲೇಜಿನ ಮೇಡಂ ಫೋನು ಹಿಡಿದುಕೊಂಡು ವರಾಂಡಕ್ಕೆ ಹೋದರು. ಪಕ್ಕದೂರಿನ ಶಾಲೆಗೆ ಸೋಮವಾರ ಯಾರಾದರೂ ಹೋಗಲೇಬೇಕಿತ್ತು. ಅಲ್ಪಪ್ರಾಣನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜವಾನ ತಾನಾಗಿ ಒಂದು ಸ್ಟೂಲು ತಂದು ಅವನ ಹಿಂದೆ ಇಟ್ಟ. ಅವನು ಕೂರಲಿಲ್ಲ.

ಮೇಡಂ ಮರಳಿ ಬಂದು ಮಹಾಪ್ರಾಣರ ಕಿವಿಯಲ್ಲಿ ಏನೋ ಹೇಳಿದರು. ಮಹಾಪ್ರಾಣ ಮೊದಲು ಹಿಗ್ಗಿದರು, ಆಮೇಲೆ ಅಲ್ಪಪ್ರಾಣನ ಮುಖ ನೋಡಿ ಹಿಗ್ಗನ್ನು ನುಂಗಿಕೊಂಡರು. ನುಂಗಿದ್ದು ಅರ್ಧ ಮಾತ್ರ.

“ತಮ್ಮಾ, ಬೇಜಾರು ಮಾಡ್ಕೋಬೇಡ. ನನ್ನ ಪಾಠಗಳೆಲ್ಲ ಮುಗಿದಿದ್ವಲ್ಲ... ಸೋಮವಾರದಿಂದ ಆ ಶಾಲೆಗೆ ನಾನೇ ಬರ್ಲಿ ಅಂದ್ರಂತೆ. ಕೋಣೆ ಬೇರೆ ಕೊಡ್ತಾರಂತೆ, ನಮ್ಮ ಮನೇಲಿ ನಾಲ್ಕು ಜನಕ್ಕೆ ಅದು ಸಾಕಾಗಲ್ಲ ಬಿಡು.”

ಅಲ್ಪಪ್ರಾಣ, “ಒಳ್ಳೇದಾಯ್ತು ಅಕ್ಕ” ಎಂದ. ಅವನು ಅದನ್ನು ನಿಜವಾಗಿಯೂ ಮನಸ್ಸಿನಿಂದ ಹೇಳಿದ್ದ. ಅದಕ್ಕೇ ಅವರಿಗೆ ಇನ್ನೂ ಕೆಡುಕೆನಿಸಿತು.

“ಇನ್ನೊಂದು ವಿಷಯ” ಎಂದು ಅವರು ಗಂಟಲು ಸರಿಮಾಡಿಕೊಂಡರು. “ನಾನು ಹೋದ್ರೆ ಸಂಘದ ಕಾರ್ಯದರ್ಶಿ ಜಾಗ ಖಾಲಿ. ಬೇರೆಯವರೆಲ್ಲ ಈ ವರ್ಷ ಪಾಸಾಗಿ ಹೋಗಿಬಿಡ್ತಾರೆ. ಮುಂದಿನ ವರ್ಷವೂ ವಿದ್ಯಾರ್ಥಿಯಾಗೇ ಇರೋ ಸದಸ್ಯ ಅಂದ್ರೆ ಇಡೀ ಸಂಘದಲ್ಲಿ ನೀನೊಬ್ನೇ.”

ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಧ್ಯಕ್ಷರು. ಅಲ್ಪಪ್ರಾಣ ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವನು ಕಾರ್ಯದರ್ಶಿಯಾಗಿ ಹೋಗಿದ್ದ.

“ಅಕ್ಕಾ, ನಂಗೇನು ಗೊತ್ತು ಸಂಘದ ಕೆಲಸ? ಹೊಸಬರು ಬಂದು, ಯಾಕೆ ಸೇರ್ಬೇಕು ಅಂತ ಕೇಳಿದ್ರೆ ನಾನು ಏನಂತ ಹೇಳ್ಲಿ? ನಂಗೆ ನಿಮ್ಮ ಹಾಗೆ ಭಾಷಣ ಬರಲ್ಲ.”

“ಭಾಷಣ ಯಾಕೋ?” ಎಂದರು ಮಹಾಪ್ರಾಣ ಅವನ ಭುಜದ ಮೇಲೆ ಕೈಯಿಟ್ಟು. “ನಿನಗೆ ಏನಾಯ್ತು ಅಂತ ಹೇಳು, ಅಷ್ಟೇ. ಸರದೀಲಿ ನಿಂತು ಸೇರ್ತಾರೆ.”